ಬರಿಗೋವಿಯ ಗಳಿಗೆ

ಮುಂಬಯಿಯಿಂದ ಠಾಣೆಗೆ ಹೋಗುವ ಹಳೆಯ ಆಗ್ರಾ ರಸ್ತೆಯ ಮೇಲೆ, ಪಶ್ಚಿಮಕ್ಕೆ ವಿಹಾರದ ಗುಡ್ಡಗಳನ್ನೂ ಪೂರ್ವಕ್ಕೆ ಖಾಡಿಯ ಉಪ್ಪಿನಾಗರಗಳನ್ನೂ ನೆರೆಯಾಗಿ ಉಳ್ಳ ಭಾಂಡುಪ್, ಯುದ್ಧಚರಿತ್ರೆಯ ಗ್ರಂಥಗಳಲ್ಲಿ ಹೆಸರು ಪಡೆದ ಊರಲ್ಲ. ಮುಲುಂಡಿನಿಂದ ಘಾಟ್ಕೋಪರಿನವರೆಗೆ ನೆಲೆಸಿರುವ ನಮ್ಮ ಕನ್ನಡಿಗರಿಗೆ ಅದು ದಿನವೂ ಲೋಕಲ್ ಗಾಡಿಯಲ್ಲಿ ಹಾದುಹೋಗುವ ಒಂದು ನಿಲ್ದಾಣ, ಅಷ್ಟೆ. ಆದರೆ 1843ರಲ್ಲಿ ಮುಂಬಯಿ ಸರ್ಕಾರದ ಮುಖ್ಯ ಇಂಜಿನಿಯರನಾಗಿದ್ದ ಜಾರ್ಜ್ ಕ್ಲಾರ್ಕ್ ಎಂಬಾತನು ಈ ಊರಿಗೆ ಬಂದಿದ್ದಾಗಲೇ ಮುಂಬಯಿಯನ್ನು ಠಾಣೆ, ಕಲ್ಯಾಣಗಳಿಗೂ ಆಚೆಯ ಘಟ್ಟಗಳಿಗೂ ಹಳಿಯಿಂದ ಜೋಡಿಸಬೇಕೆಂಬ ಆಲೋಚನೆ ಅವನಿಗೆ ಮೊದಲು ಹೊಳೆಯಿತೆಂದು ರೈಲ್ವೆಯ ಇತಿಹಾಸ ಹೇಳುತ್ತದೆ. ಹತ್ತು ವರ್ಷಗಳ ತರುವಾಯ, 1853ರ ಏಪ್ರಿಲ್ 16ರಂದು, 21 ತೋಪುಗಳ ವಂದನೆಯನ್ನು ಸ್ವೀಕರಿಸಿ ಬೋರಿಬಂದರಿನಿಂದ ಹೊರಟ 14 ಡಬ್ಬಿಗಳ ಗಾಡಿ, 400 ಮಂದಿ ಅತಿಥಿಗಳನ್ನು ಹೊತ್ತು, ಇದೇ ಭಾಂಡುಪ್ಪಿನ ಮೇಲೆ ಠಾಣೆಗೆ ಸಾಗಿತು. ಆ ಹಳಿಯ ಉತ್ತರದ ತುದಿಯಲ್ಲಿ 1774ರಲ್ಲಿ ಲಗ್ಗೆಗೆ ಗುರಿಯಾದ ಕೋಟೆಯೊಂದಿದೆ. ದಕ್ಷಿಣದ ತುದಿಯಲ್ಲಿ 2008ರಲ್ಲಿ ರಕ್ತದಿಂದ ತೊಯ್ದ ನಿಲ್ದಾಣವೊಂದಿದೆ. ಈ ಎರಡರ ನಡುವಣ ಇನ್ನೂರ ಮೂವತ್ತನಾಲ್ಕು ವರ್ಷಗಳಲ್ಲಿ ಈ ಪ್ರಾಂತದ ಸಿಪಾಯಿ ತನ್ನ ಕೋವಿ ಬರಿದಾದ ಮೇಲೆ ಅದು ಮತ್ತೆ ತುಂಬುವವರೆಗಿನ ಗಳಿಗೆಯನ್ನು ಹೇಗೆ ಕಳೆದನು, ಆ ಗಳಿಗೆಯನ್ನು ಕುಗ್ಗಿಸುವ ಉಪಾಯಗಳು ಯಾವಾಗ ಹುಟ್ಟಿದವು, ಹುಟ್ಟಿದ ಮೇಲೂ ಅವು ಅವನ ಕೈಗೆ ಏಕೆ ತಡವಾಗಿ ಬಂದವು ಎಂಬುದು, ಸೇನಾಪತಿಗಳ ಜಯಾಪಜಯಗಳಿಗಿಂತ ಹೆಚ್ಚು ಲಕ್ಷ್ಯಕ್ಕೆ ಅರ್ಹವಾದ ವೃತ್ತಾಂತವೆಂದು ನನಗೆ ತೋರುತ್ತದೆ.

ಭಾಂಡುಪ್ ಸೇರಿರುವ ಸಾಷ್ಟಿ ದ್ವೀಪವನ್ನು ಮರಾಠರು ಪೋರ್ಚುಗೀಸರಿಂದ 1737ರಲ್ಲಿ ಗೆದ್ದುಕೊಂಡಿದ್ದರು. 1774ರ ಡಿಸೆಂಬರಿನ ಕೊನೆಯ ವಾರದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪಡೆ ಠಾಣೆಯ ಕೋಟೆಗೆ ಲಗ್ಗೆಯಿಟ್ಟು ಹಿಡಿಯಿತು; ಕೋಟೆಯೊಡನೆ ದ್ವೀಪವೆಲ್ಲವೂ ಅದರ ವಶವಾಯಿತು. ಆಗಿನ ಮುಂಬಯಿ ಸೈನ್ಯದಲ್ಲಿ, ಕೇವಲ ಆರು ವರ್ಷಗಳ ಹಿಂದೆ, 1768ರಲ್ಲಿ, ಕಟ್ಟಲ್ಪಟ್ಟಿದ್ದ ದೇಶೀಯ ಸಿಪಾಯಿಗಳ ಪಲ್ಟಣಗಳಿದ್ದವು. ಇಂದಿನ ಮರಾಠಾ ಲಘು ಪದಾತಿದಳ ತನ್ನ ವಂಶವನ್ನು ಗುರುತಿಸಿಕೊಳ್ಳುವುದು ಈ ಪಲ್ಟಣಗಳಿಂದಲೇ. 1922ರಿಂದ ಆ ದಳದ ಕೇಂದ್ರಸ್ಥಾನ ನಮ್ಮ ಬೆಳಗಾವಿಯಲ್ಲಿದೆ, ಮತ್ತು ಮಹಾರಾಷ್ಟ್ರದವರೊಡನೆ ಕರ್ನಾಟಕದ ತರುಣರೂ ಅದರಲ್ಲಿ ಸೇರುತ್ತ ಬಂದಿದ್ದಾರೆ.

ಆ ಮೊದಲ ಸಿಪಾಯಿಯ ಕೈಯಲ್ಲಿದ್ದುದು ಚಕಮಕಿಯ ಕೋವಿ. ಒಂದು ಈಡು ಹಾರಿಸಿದ ಮೇಲೆ ಅವನು ಸೊಂಟದ ಬಳಿಯ ತೊಗಲಿನ ಪೆಟ್ಟಿಗೆಯಿಂದ ಕಾಗದದಲ್ಲಿ ಸುತ್ತಿದ ತೋಟೆಯೊಂದನ್ನು ತೆಗೆದು, ಅದರ ತುದಿಯನ್ನು ಹಲ್ಲಿನಿಂದ ಹರಿದು, ಚಿಟಿಕೆ ಮದ್ದನ್ನು ಕಿವಿಯ ಬಟ್ಟಲಿಗೆ ಉದುರಿಸಿ ಮುಚ್ಚಿ, ಕೋವಿಯನ್ನು ನೆಲಕ್ಕೆ ನಿಲ್ಲಿಸಿ, ಉಳಿದ ಮದ್ದನ್ನೂ ಗುಂಡನ್ನೂ ಕಾಗದವನ್ನೂ ನಳಿಗೆಯ ಬಾಯಿಂದ ಒಳಕ್ಕೆ ಬಿಟ್ಟು, ಗಜವನ್ನು ಹಿರಿದು ಗಟ್ಟಿಸಿ, ಗಜವನ್ನು ಮತ್ತೆ ಅದರ ಮನೆಗೆ ಸೇರಿಸಿ, ಕುದುರೆಯನ್ನು ಎಳೆದು, ಭುಜಕ್ಕೇರಿಸಬೇಕಾಗಿತ್ತು. ಚೆನ್ನಾಗಿ ಪಳಗಿದವನಿಗೆ ನಿಮಿಷಕ್ಕೆ ಮೂರು ಈಡು. ಹಾರಿಸುವ ಕೆಲಸಕ್ಕೆ ಒಂದು ಕ್ಷಣ ಸಾಕು. ಮಿಕ್ಕ ಹತ್ತೊಂಬತ್ತು ಸೆಕೆಂಡುಗಳಲ್ಲಿ ಅವನು ಶತ್ರುವಿನೆದುರು ನೆಟ್ಟಗೆ ನಿಂತು, ಮದ್ದಿನ ಕಹಿಯನ್ನು ನುಂಗುತ್ತ, ತನ್ನ ಕೈಗಳನ್ನೇ ನಂಬಿಕೊಂಡಿದ್ದನು. ಸಾಲುಸಾಲಾಗಿ ನಿಲ್ಲಿಸಿ ಸರದಿಯಿಂದ ಹಾರಿಸುವ ಕವಾಯತೆಲ್ಲವೂ ಹುಟ್ಟಿದ್ದು ಈ ಹತ್ತೊಂಬತ್ತು ಸೆಕೆಂಡುಗಳನ್ನು ಒಬ್ಬರು ಇನ್ನೊಬ್ಬರಿಗಾಗಿ ಕಾಯಬೇಕಾದ ಅಗತ್ಯದಿಂದ.

ಮೈಸೂರಿನವರು ಇದನ್ನು ಅರಿಯದವರಾಗಿರಲಿಲ್ಲ. ಟೀಪು ಸುಲ್ತಾನನು ಜೈನುಲ್ ಆಬಿದೀನ್ ಶೂಸ್ತರಿಯಿಂದ ಬರೆಯಿಸಿದ ‘ಫತ್‌ಹುಲ್ ಮುಜಾಹಿದೀನ್’ ಎಂಬ ಸೇನಾಶಾಸ್ತ್ರಗ್ರಂಥದಲ್ಲಿ ಕೋವಿಯ ಕವಾಯತಿನ ಆಜ್ಞೆಗಳನ್ನು ಪಾರಸಿಯಲ್ಲಿ ಕ್ರಮಪಡಿಸಲಾಗಿದೆ. ಮದ್ದುಗುಂಡು ಕೈಗೆ ಎಟುಕದಾದಾಗ ಎಂಥ ಸೈನ್ಯಕ್ಕೂ ಏನಾಗುವುದೆಂಬುದಕ್ಕೆ 1780ರ ಸೆಪ್ಟೆಂಬರ್ 10ರ ಪೊಳ್ಳಿಲೂರಿನ ಯುದ್ಧ ಸಾಕ್ಷಿಯಾಯಿತು: ಅಲ್ಲಿ ಕರ್ನಲ್ ಬೈಲಿಯ ಮದ್ದಿನ ಬಂಡಿಗಳು ಸ್ಫೋಟಗೊಂಡ ಮೇಲೆ ಅವನ ಪಡೆ ಹೈದರನ ಕುದುರೆಗಳ ಎದುರಿಗೆ ಬರಿಗೋವಿಯ ಗುಂಪಾಗಿ ಉಳಿಯಿತು. ಮೂರು ವರ್ಷಗಳ ಮೇಲೆ ಇದೇ ಮುಂಬಯಿ ಪ್ರಾಂತದ ಸಿಪಾಯಿಗಳು ಕರ್ನಲ್ ಕ್ಯಾಂಪ್‌ಬೆಲ್ಲನ ಕೈಕೆಳಗೆ ಮಂಗಳೂರಿನ ಕೋಟೆಯಲ್ಲಿ ಸಿಕ್ಕಿಬಿದ್ದು, 1783ರ ಮೇ ತಿಂಗಳಿನಿಂದ 1784ರ ಜನವರಿಯ ಕೊನೆಯವರೆಗೆ ಟೀಪುವಿನ ಮುತ್ತಿಗೆಯನ್ನು ತಡೆದು, ಹಸಿವಿನಿಂದಲೂ ರೋಗದಿಂದಲೂ ಬೆಂದು, ಕಟ್ಟಕಡೆಗೆ ಕೋಟೆಯನ್ನು ಬಿಟ್ಟುಕೊಟ್ಟರು. ಮುಂಬಯಿ ಗ್ರೆನೇಡಿಯರ್ಸ್ ಪಲ್ಟಣದ ಯುದ್ಧಬಿರುದುಗಳಲ್ಲಿ ‘ಮಂಗಳೂರು’ ಎಂಬುದು ಹೀಗೆ ಸೇರಿತು. ಈ ಪಲ್ಟಣದ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು.

1857ರ ಕಥೆಯಲ್ಲಿ ತೋಟೆಗೆ ಹಚ್ಚಿದ ಕೊಬ್ಬಿನ ಪಾತ್ರವೇನೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ನಿಶ್ಶಸ್ತ್ರೀಕರಣದ ಶಾಸನಕ್ಕೆ ಮಣಿಯದೆ ಮುಧೋಳ ಸೀಮೆಯ ಹಲಗಲಿಯ ಬೇಡರು ಅದೇ ವರ್ಷದ ನವೆಂಬರಿನಲ್ಲಿ ಬಂಡೆದ್ದು ಹತರಾದುದನ್ನು ಕನ್ನಡಿಗರು ಲಾವಣಿಯಲ್ಲಿ ಇಂದಿಗೂ ಕೇಳುತ್ತಾರೆ. ನಾನು ಹೇಳಹೊರಟದ್ದು ಅದರ ಅನಂತರದ, ಸದ್ದಿಲ್ಲದೆ ನಡೆದ ಒಂದು ಸಂಗತಿ. ದಂಗೆಯಡಗಿದ ಬಳಿಕ ಆಳುವವರು ಭಾರತೀಯ ಸಿಪಾಯಿಯ ಕೈಗೆ ಗೋರಾ ಸೈನಿಕನಿಗಿಂತ ಒಂದು ತಲೆಮಾರು ಹಿಂದಿನ ಆಯುಧವನ್ನೇ ಕೊಡತಕ್ಕದ್ದೆಂಬ ನೀತಿಯನ್ನು ಹಿಡಿದರು. ಎನ್‌ಫೀಲ್ಡ್ ಕೋವಿಯ ನಳಿಗೆಯೊಳಗಿನ ಸುರುಳಿಗೆರೆಗಳನ್ನು ಇಲ್ಲವಾಗಿಸಿ, ಗುರಿಯ ಶಕ್ತಿಯನ್ನು ಬುದ್ಧಿಪೂರ್ವಕವಾಗಿ ಕುಂದಿಸಿ, ನುಣುಪು ನಳಿಗೆಯ ಕೋವಿಗಳನ್ನು ಅವರಿಗೆ ಹಂಚಿದರು. ಹಿಂದಿನಿಂದ ತೋಟೆ ತುಂಬುವ ಸ್ನೈಡರ್ ಕೋವಿ ಗೋರರಿಗೆ ಬಂದು, ಅವರು ಅದನ್ನು ಬಿಟ್ಟು ಮಾರ್ಟಿನಿ-ಹೆನ್ರಿಯನ್ನು ಹಿಡಿದ ಮೇಲೆ ಸ್ನೈಡರ್ ಸಿಪಾಯಿಗೆ ಇಳಿಯಿತು. ಗೋರರು ಮ್ಯಾಗಜಿನ್ ಉಳ್ಳ ಲೀ-ಮೆಟ್‌ಫರ್ಡನ್ನು ಹಿಡಿದ ಮೇಲೆ ಮಾರ್ಟಿನಿ ಇಳಿಯಿತು. ಕೋವಿ ಬೇಗ ತುಂಬುವುದು, ತಡವಾಗಿ ತುಂಬುವುದು ಎಂಬುದು ಯಂತ್ರಶಿಲ್ಪದ ಪ್ರಶ್ನೆಯಾಗಿ ಉಳಿಯದೆ, ಯಾರನ್ನು ಎಷ್ಟು ನಂಬಬೇಕೆಂಬ ರಾಜಕೀಯದ ಪ್ರಶ್ನೆಯಾಯಿತು. ಆ ರಾಜಕೀಯದ ಬೆಲೆಯನ್ನು ತೆತ್ತವರು ಯಾರು? 1880ರ ಜುಲೈ 27ರಂದು ಅಫಘಾನಿಸ್ಥಾನದ ಮೈವಂದದ ಬಯಲಿನಲ್ಲಿ, ಪಕ್ಕದಲ್ಲಿ ನಿಂತ ಬ್ರಿಟಿಷ್ ಪಲ್ಟಣದವರ ಕೈಯಲ್ಲಿ ಮಾರ್ಟಿನಿಯಿರಲು, ತಮ್ಮ ಕೈಯಲ್ಲಿ ಸ್ನೈಡರ್ ಹಿಡಿದು ನಿಂತವರು ಅದೇ ಮುಂಬಯಿ ಗ್ರೆನೇಡಿಯರ್ಸ್ ಮತ್ತು ಜೇಕಬ್ಸ್ ರೈಫಲ್ಸ್‌ನ ಸಿಪಾಯಿಗಳು. ಬ್ರಿಗೇಡಿಯರ್ ಬರೋಸ್‌ನ ಸುಮಾರು 2500 ಜನರ ಪಡೆಯಲ್ಲಿ 900ಕ್ಕೂ ಮಿಕ್ಕಿ ಆ ದಿನ ಮಡಿದರು. ಸೋಲಿಗೆ ಕಾರಣಗಳು ಹಲವು, ಶತ್ರುವಿನ ತೋಪುಗಳೂ ಸಂಖ್ಯೆಯೂ ಮುಖ್ಯವಾದವು. ಆದರೂ ಪಕ್ಕದವನ ಕೋವಿಗಿಂತ ನಿಧಾನವಾದ ಕೋವಿಯನ್ನು ಬೇಕೆಂದೇ ಕೊಡಲ್ಪಟ್ಟ ಸಿಪಾಯಿ ಆ ಬಯಲಿನಲ್ಲಿ ಬಿದ್ದನೆಂಬುದನ್ನು ಓದುವಾಗ ಮನಸ್ಸು ಕುದಿಯದೆ ಇರದು.

ಆ ಹೊತ್ತಿಗೆ ಯೂರೋಪಿನಲ್ಲಿ ತೋಟೆಯನ್ನು ಸೊಂಟದಿಂದ ಕೋವಿಯ ಮೇಲಕ್ಕೇ ತರುವ ಪ್ರಯತ್ನ ಆರಂಭವಾಗಿತ್ತು. ಬೊಹೀಮಿಯಾದ ಸಿಲ್ವೆಸ್ಟರ್ ಕ್ರ್ನ್ಕಾ ಎಂಬ ಶಿಲ್ಪಿ ಕೋವಿಯ ಪಕ್ಕಕ್ಕೆ ಸಿಕ್ಕಿಸುವ ಒಂದು ಪುಟ್ಟ ಡಬ್ಬಿಯನ್ನು ರಚಿಸಿದನು. ಅದರಲ್ಲಿ ತೋಟೆಗಳು ಬೆನ್ನು ಮೇಲಾಗಿ ಸಾಲಾಗಿ ನಿಂತಿದ್ದು, ಸಿಪಾಯಿ ಸೊಂಟಕ್ಕೆ ಕೈಹಾಕದೆ, ದೃಷ್ಟಿಯನ್ನು ಎದುರಿನಿಂದ ಕದಲಿಸದೆ, ಒಂದೊಂದಾಗಿ ತೆಗೆದು ತುಂಬಬಹುದಾಗಿತ್ತು. ಕೈ ಚಲಿಸಬೇಕಾದ ದೂರ ಎರಡು ಗೇಣಿನಿಂದ ನಾಲ್ಕು ಬೆರಳಿಗೆ ಇಳಿಯಿತು. 1877ರಲ್ಲಿ ಪ್ಲೆವ್ನಾದ ಕಂದಕಗಳಲ್ಲಿ ತುರ್ಕರು ಪ್ರತಿಯೊಬ್ಬ ಸಿಪಾಯಿಯ ಪಕ್ಕದಲ್ಲೂ 500 ತೋಟೆಗಳ ಪೆಟ್ಟಿಗೆಯನ್ನು ಇರಿಸಿ ರಷ್ಯನರನ್ನು ತಿಂಗಳುಗಟ್ಟಲೆ ತಡೆದು ನಿಲ್ಲಿಸಿದ ಸುದ್ದಿ ಪ್ರಪಂಚದ ಸೈನ್ಯಗಳನ್ನೆಲ್ಲ ಎಚ್ಚರಿಸಿತು. 1879ರಲ್ಲಿ ಜೇಮ್ಸ್ ಪ್ಯಾರಿಸ್ ಲೀ ಎಂಬಾತನು, ಬುಡದಲ್ಲಿ ಸ್ಪ್ರಿಂಗ್ ಇರುವ, ಕೋವಿಯಿಂದ ಬಿಡಿಸಿ ತೆಗೆಯಬಹುದಾದ ತಗಡಿನ ಪೆಟ್ಟಿಗೆಗೆ ಪೇಟೆಂಟ್ ಪಡೆದನು. ಒಂದು ಪೆಟ್ಟಿಗೆ ಬರಿದಾದೊಡನೆ ತುಂಬಿದ ಇನ್ನೊಂದನ್ನು ಸಿಕ್ಕಿಸಬಹುದೆಂಬುದು ಆ ರಚನೆಯಲ್ಲೇ ಅಡಗಿದ್ದ ವರ. 1888ರಲ್ಲಿ ಬ್ರಿಟಿಷ್ ಸೈನ್ಯ ಈ ಪೆಟ್ಟಿಗೆಯನ್ನು ಅಂಗೀಕರಿಸಿತು. ಅಂಗೀಕರಿಸಿ, ಎಲ್ಲಿ ಕಳೆದುಹೋಗುವುದೋ ಎಂದು ಒಂದು ಕೊಂಡಿಯಿಂದ ಅದನ್ನು ಕೋವಿಗೇ ಕಟ್ಟಿಹಾಕಿತು. ಅಷ್ಟಕ್ಕೆ ನಿಲ್ಲದೆ, ಪೆಟ್ಟಿಗೆಯ ಮೇಲೆ ಅಡ್ಡ ಸರಿಯುವ ಒಂದು ತಗಡನ್ನು ಜೋಡಿಸಿ, ಅಧಿಕಾರಿಯ ಅಪ್ಪಣೆಯಾಗುವವರೆಗೆ ಸಿಪಾಯಿ ಒಂದೊಂದೇ ತೋಟೆಯನ್ನು ಕೈಯಿಂದ ತುಂಬತಕ್ಕದ್ದು, ಪೆಟ್ಟಿಗೆಯೊಳಗಿನವು ಆಪತ್ಕಾಲಕ್ಕೆ ಮೀಸಲು ಎಂದು ವಿಧಿಸಿತು. ಸಾಮಾನ್ಯ ಸಿಪಾಯಿಯ ಕೈಗೆ ಹೆಚ್ಚು ಗುಂಡು ಸಿಕ್ಕರೆ ಅವನು ಅದನ್ನು ದುಂದು ಮಾಡುವನೆಂಬ ಭಯ ಇದರ ಮೂಲ. ಅಂಥ ಭಯವನ್ನು ಸೇನೆಯ ಲೆಕ್ಕಪತ್ರದವರು ಎಲ್ಲ ದೇಶಗಳಲ್ಲೂ ಎಲ್ಲ ಕಾಲಗಳಲ್ಲೂ ಸಾಕಿಕೊಂಡು ಬಂದಿದ್ದಾರೆ.

ಮುಂದೆ 1907ರ ಲೀ-ಎನ್‌ಫೀಲ್ಡ್ ರೈಫಲಿನಲ್ಲಿ ಐದೈದು ತೋಟೆಗಳ ಲೋಹದ ಪಟ್ಟಿಯಿಂದ ಮೇಲಿನಿಂದ ಒತ್ತಿ ತುಂಬುವ ವ್ಯವಸ್ಥೆ ಬಂದು, ಹತ್ತರ ಪೆಟ್ಟಿಗೆ ಎರಡೇ ಒತ್ತಿಗೆ ತುಂಬುವಂತಾಯಿತು. ಪಳಗಿದ ಸಿಪಾಯಿ ನಿಮಿಷಕ್ಕೆ ಗುರಿಯಿಟ್ಟು ಹದಿನೈದು ಗುಂಡುಗಳನ್ನು ಹಾರಿಸಬಲ್ಲವನಾದನು. 1914ರಲ್ಲಿ ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದ ಭಾರತೀಯ ಪಲ್ಟಣಗಳಿಗೆ ಹಳೆಯ ಕೋವಿಗಳನ್ನು ತೆಗೆದುಕೊಂಡು ಹೊಸವನ್ನು ಕೊಟ್ಟರು: ಯೂರೋಪಿನ ಕಂದಕಕ್ಕೆ ಮೈಯೊಡ್ಡಬೇಕಾದಾಗ ನಂಬಿಕೆ ಒಮ್ಮೆಗೇ ಹುಟ್ಟಿತು. ಮೆಸಪೊಟೇಮಿಯಾದ ಕೂಟ್‌ನಲ್ಲಿ 147 ದಿನಗಳ ಮುತ್ತಿಗೆಯನ್ನು ಸಹಿಸಿ 1916ರ ಏಪ್ರಿಲ್ 29ರಂದು ಸೆರೆಯಾದ ಪುಣೆಯ ಡಿವಿಜನ್ನಿನಲ್ಲಿ ಮರಾಠಾ ಪಲ್ಟಣಗಳು ಮೂರಿದ್ದವು. ಅವರನ್ನು ಸೋಲಿಸಿದ್ದು ಹಸಿವು.

ಇನ್ನು ಎರಡನೆಯ ಮಹಾಯುದ್ಧದ ಇಟಲಿಗೆ ಬರುತ್ತೇನೆ. ಬೆಳಗಾವಿ ಕೇಂದ್ರದ ಐದನೆಯ ಮರಾಠಾ ಲಘು ಪದಾತಿದಳದ ಮೂರನೆಯ ಬೆಟಾಲಿಯನ್ನಿನಲ್ಲಿ ನಾಯಕ್ ಯಶವಂತ ಘಾಡಗೆ ಎಂಬ ಇಪ್ಪತ್ತೆರಡು ವರ್ಷದ ಯುವಕನಿದ್ದನು. ಹುಟ್ಟಿದ್ದು ಕೊಂಕಣದ ಕೊಲಾಬಾ ಜಿಲ್ಲೆಯಲ್ಲಿ, ಈಗಿನ ರಾಯಗಡದಲ್ಲಿ. ಅವನ ಕೈಗೆ ಕೊಟ್ಟಿದ್ದುದು ಟಾಮಿ ಗನ್. ಈ ಆಯುಧದ ಸ್ವಭಾವವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಇದರ ಮ್ಯಾಗಜಿನ್ನಿನಲ್ಲಿ ಸಾಮಾನ್ಯವಾಗಿ ಇಪ್ಪತ್ತು ಗುಂಡುಗಳು. ನಿಮಿಷಕ್ಕೆ ಸುಮಾರು ಏಳುನೂರರ ವೇಗ. ಎಂದರೆ ಬೆರಳನ್ನು ಸಡಿಲಿಸದೆ ಒತ್ತಿಹಿಡಿದರೆ ಎರಡು ಸೆಕೆಂಡು ಕಳೆಯುವುದರೊಳಗೆ ಮ್ಯಾಗಜಿನ್ ಬರಿದು. ಬರಿದಾದ ಮೇಲೆ ಎಡಗೈಯಿಂದ ಅದನ್ನು ಹಿಡಿದು, ಹೆಬ್ಬೆರಳಿನಿಂದ ಸನ್ನೆಯನ್ನು ಮೇಲೆತ್ತಿ, ಕೆಳಕ್ಕೆಳೆದು, ಚೀಲದ ಗುಂಡಿಯನ್ನು ಬಿಚ್ಚಿ, ಹೊಸದನ್ನು ತೆಗೆದು, ಅದರ ಬೆನ್ನಿನ ಏಣನ್ನು ಸರಿಯಾದ ಕಾಡಿಗೆ ಹೊಂದಿಸಿ, ಕಟ್ಟೆಂಬ ಸದ್ದು ಬರುವವರೆಗೆ ಮೇಲಕ್ಕೊತ್ತಬೇಕು. ಕವಾಯತಿನ ಮೈದಾನದಲ್ಲಿ ನಾಲ್ಕೈದು ಸೆಕೆಂಡಿನ ಕೆಲಸ. ಚಕಮಕಿ ಕೋವಿಯವನ ಹತ್ತೊಂಬತ್ತು ಸೆಕೆಂಡುಗಳಿಗೆ ಹೋಲಿಸಿದರೆ ಇದು ಏನೇನೂ ಅಲ್ಲವೆಂದು ತೋರಬಹುದು. ಆದರೆ ಎದುರಾಳಿಯ ಯಂತ್ರಕೋವಿಯೂ ಅದೇ ವೇಗದಲ್ಲಿ ಹಾರುತ್ತಿರುವಾಗ ನಾಲ್ಕು ಸೆಕೆಂಡು ಬಲು ದೀರ್ಘವಾದ ಕಾಲ.

1944ರ ಜುಲೈ 10ರಂದು ಟೈಬರ್ ನದಿಯ ಮೇಲಣ ಕಣಿವೆಯಲ್ಲಿ ಘಾಡಗೆಯ ತುಕಡಿ ಅತಿ ಸಮೀಪದಿಂದ ಯಂತ್ರಕೋವಿಯೊಂದರ ಹೊಡೆತಕ್ಕೆ ಸಿಕ್ಕಿತು. ಅವನೊಬ್ಬನನ್ನು ಬಿಟ್ಟು ತುಕಡಿಯವರೆಲ್ಲರೂ ಸತ್ತರು, ಇಲ್ಲವೆ ಗಾಯಗೊಂಡು ಬಿದ್ದರು. ಅವನು ತಡೆಯದೆ ಒಂಟಿಯಾಗಿ ನುಗ್ಗಿ, ಗ್ರೆನೇಡ್ ಎಸೆದು ಯಂತ್ರಕೋವಿಯನ್ನೂ ಅದನ್ನು ಹಾರಿಸುತ್ತಿದ್ದವನನ್ನೂ ನಿವಾರಿಸಿ, ಟಾಮಿ ಗನ್ನಿನಿಂದ ಇನ್ನೊಬ್ಬನನ್ನು ಹೊಡೆದನು. ಅಷ್ಟರಲ್ಲಿ ಗುಂಡು ಮುಗಿಯಿತು. ಇನ್ನೂ ಇಬ್ಬರು ಎದುರಿಗಿದ್ದರು. ಮ್ಯಾಗಜಿನ್ ಬದಲಾಯಿಸಲು ಅವನಿಗೆ ಸಮಯವಿರಲಿಲ್ಲವೆಂದು ವಿಕ್ಟೋರಿಯಾ ಕ್ರಾಸ್ ಪದಕದ ಅಧಿಕೃತ ಪ್ರಶಂಸಾಪತ್ರವೇ ಸ್ಪಷ್ಟವಾಗಿ ನಮೂದಿಸಿದೆ. ಅವನು ಬಂದೂಕನ್ನು ನಳಿಗೆಯ ಕಡೆಯಿಂದ ಹಿಡಿದು ತಿರುಗಿಸಿ, ಅದರ ಬುಡದಿಂದ ಆ ಇಬ್ಬರನ್ನೂ ಬಡಿದು ಕೊಂದನು. ಹಾರಿಸಿದ ಬಂದೂಕಿನ ನಳಿಗೆ ಕೈಯಿಂದ ಹಿಡಿಯಲಾಗದಷ್ಟು ಸುಡುತ್ತದೆಂಬುದನ್ನು ಇಲ್ಲಿ ನೆನೆಯಬೇಕು. ಬಳಿಕ ದೂರದಲ್ಲಿ ಅಡಗಿದ್ದ ಶತ್ರುಗಳ ಗುಂಡು ಎದೆಗೂ ಬೆನ್ನಿಗೂ ತಾಗಿ, ತಾನು ಏಕಾಕಿಯಾಗಿ ಗೆದ್ದ ಆ ನೆಲೆಯಲ್ಲೇ ಪ್ರಾಣಬಿಟ್ಟನು. ಅವನ ಸಮಾಧಿ ಎಲ್ಲಿಯೂ ಇಲ್ಲ. ಕ್ಯಾಸಿನೋದ ಸ್ಮಾರಕದಲ್ಲಿ ಹೆಸರು ಮಾತ್ರ ಇದೆ. ಮುಂದಿನ ವರ್ಷ, 1945ರ ಏಪ್ರಿಲ್ 9ರಂದು, ಸೇನಿಯೋ ನದಿಯ ದಂಡೆಯಲ್ಲಿ ಅದೇ ದಳದ ಸಿಪಾಯಿ ನಾಮದೇವ ಜಾಧವ, ಕೈಗೆ ಗಾಯವಾಗಿ ಟಾಮಿ ಗನ್ ಹಾರಿಸಲಾಗದಿರಲು ಅದನ್ನು ಎಸೆದು, ಗ್ರೆನೇಡುಗಳಿಂದಲೇ ಯಂತ್ರಕೋವಿಯ ನೆಲೆಗಳನ್ನು ನಾಶಮಾಡಿದನು. ಗ್ರೆನೇಡುಗಳು ಮುಗಿದಾಗ ದಂಡೆಯ ಮೇಲಕ್ಕೆ ತೆವಳಿ ಬಂದು, ಆಚೆ ಬದಿಯಲ್ಲಿದ್ದ ಸಂಗಡಿಗರಿಂದ ಇನ್ನಷ್ಟು ಪಡೆದು ಹಿಂತಿರುಗಿದನು. ಅವನೂ ವಿಕ್ಟೋರಿಯಾ ಕ್ರಾಸ್ ಪಡೆದನು, ಬದುಕಿಯೂ ಉಳಿದನು.

ಎರಡನೆಯ ಮ್ಯಾಗಜಿನ್ನನ್ನು ಬಂದೂಕಿನ ಮೈಮೇಲೆಯೇ ಒಯ್ಯುವ ಉಪಾಯ ಸಿಪಾಯಿಗಳಲ್ಲಿ ತಾನಾಗಿ ಹಬ್ಬಿದ್ದು ಈ ಮಹಾಯುದ್ಧದಲ್ಲೇ. ಯಾವ ಸೇನಾಕಚೇರಿಯೂ ಅದನ್ನು ಅವರಿಗೆ ಕಲಿಸಲಿಲ್ಲ. ಅಮೆರಿಕದ ಸಿಪಾಯಿಗಳು ಸೊಂಟಪಟ್ಟಿಗೆಂದು ಕೊಟ್ಟಿದ್ದ ಎರಡು ಜೇಬಿನ ಕ್ಯಾನ್ವಾಸ್ ಚೀಲವನ್ನು ತಮ್ಮ ಎಂ-1 ಕಾರ್ಬೈನಿನ ಮರದ ಬುಡಕ್ಕೆ ತೊಡಿಸಿ, ಹದಿನೈದು ಗುಂಡುಗಳ ಎರಡು ಮ್ಯಾಗಜಿನ್ನುಗಳನ್ನು ಕೆನ್ನೆಯ ಪಕ್ಕದಲ್ಲೇ ಇಟ್ಟುಕೊಂಡರು. ನಿದ್ದೆಯಿಂದ ಎಚ್ಚೆತ್ತು ಕತ್ತಲೆಯಲ್ಲಿ ಬಂದೂಕೊಂದನ್ನೇ ಎತ್ತಿಕೊಂಡು ಓಡಿದರೂ ಗುಂಡು ಜೊತೆಗೇ ಬರುತ್ತಿತ್ತು. ಇನ್ನು ಕೆಲವರು ಎರಡು ಮ್ಯಾಗಜಿನ್ನುಗಳನ್ನು ತಲೆಕೆಳಗಾಗಿ ಒಂದಕ್ಕೊಂದು ಅಂಟುಪಟ್ಟಿಯಿಂದ ಬಿಗಿದು, ಮೊದಲನೆಯದು ಬರಿದಾದೊಡನೆ ಮಗುಚಿ ಸಿಕ್ಕಿಸುತ್ತಿದ್ದರು. ಈ ಉಪಾಯದಲ್ಲಿ ಒಂದು ಕುಂದೂ ಉಂಟು. ಕೆಳಮೊಗವಾದ ಮ್ಯಾಗಜಿನ್ನಿನ ತೆರೆದ ಬಾಯಿ ಸಿಪಾಯಿ ಬೋರಲು ಮಲಗಿದೊಡನೆ ಮಣ್ಣಿಗೆ ತಾಗುತ್ತದೆ. ಗುಂಡನ್ನು ಹಿಡಿದಿಡುವ ತಗಡಿನ ತುಟಿಗಳು ಕಲ್ಲಿಗೆ ಬಡಿದು ಕೊಂಚ ಬಾಗಿದರೂ ಮುಂದಿನ ಗುಂಡು ಓರೆಯಾಗಿ ಏರಿ ಸಿಕ್ಕಿಹಾಕಿಕೊಳ್ಳುತ್ತದೆ. ಬಂದೂಕಿನ ಭಾರವೂ ಹೆಚ್ಚುತ್ತದೆ. ಆದ್ದರಿಂದ ಅನುಭವಸ್ಥರು ಎರಡರ ಬಾಯಿಯನ್ನೂ ಮೇಲ್ಮುಖವಾಗಿಯೇ ಇರಿಸಿ ಪಕ್ಕಪಕ್ಕದಲ್ಲಿ ಕಟ್ಟುವುದನ್ನು ಕಲಿತರು. ಸ್ವಿಸ್ ಸೈನ್ಯದ ಸಿಗ್ 550 ರೈಫಲಿನ ಮ್ಯಾಗಜಿನ್ನುಗಳಲ್ಲಿ ಒಂದನ್ನೊಂದು ಪಕ್ಕದಲ್ಲಿ ಕಚ್ಚಿಕೊಳ್ಳುವ ಗುಬುಟುಗಳನ್ನು ಕಾರ್ಖಾನೆಯಲ್ಲೇ ಮೂಡಿಸಿದರು. ಭುಜದ ಮೇಲೆ ಬಂದೂಕು ಹೊತ್ತವನ ಬುದ್ಧಿ, ಸುಮಾರು ನಾಲ್ಕು ದಶಕಗಳ ಮೇಲೆ, ಶಿಲ್ಪಿಯ ನಕ್ಷೆಗೆ ಏರಿತು. ನಮ್ಮ ಇನ್ಸಾಸ್ ರೈಫಲಿನ ಮ್ಯಾಗಜಿನ್ ಪಾರಭಾಸಕವಾಗಿದ್ದು, ಎಷ್ಟು ಗುಂಡು ಉಳಿದಿದೆಯೆಂಬುದು ಕಣ್ಣಿಗೆ ಕಾಣುವಂತಿದೆ. ಬರಿಗೋವಿಯ ಗಳಿಗೆ ಯಾವಾಗ ಬರುವುದೆಂದು ಮುಂದಾಗಿ ತಿಳಿಯುವುದೂ ಒಂದು ಬಗೆಯ ರಕ್ಷಣೆಯೇ.

ಈಗ ಭಾಂಡುಪ್ಪಿನ ಹಳಿಯನ್ನೇ ಹಿಡಿದು ದಕ್ಷಿಣಕ್ಕೆ ಹೋಗೋಣ. 2008ರ ನವೆಂಬರ್ 26ರ ರಾತ್ರಿ ಸುಮಾರು ಒಂಬತ್ತೂವರೆಗೆ ಛತ್ರಪತಿ ಶಿವಾಜಿ ಟರ್ಮಿನಸ್ಸಿನ ಪ್ರಯಾಣಿಕರ ಪಡಸಾಲೆಯಲ್ಲಿ ಅಜ್ಮಲ್ ಕಸಾಬ್ ಮತ್ತು ಇಸ್ಮಾಯಿಲ್ ಖಾನ್ ಎಂಬ ಇಬ್ಬರು ಎಕೆ-47 ರೈಫಲುಗಳಿಂದ ಗುಂಡಿನ ಮಳೆಗರೆದರು. ಒಂದೊಂದು ಮ್ಯಾಗಜಿನ್ನಿನಲ್ಲಿ ಮೂವತ್ತು ಗುಂಡು. ಚೀಲದಲ್ಲಿ ತುಂಬಿದ ಮ್ಯಾಗಜಿನ್ನುಗಳು ಹಲವು. ಒಬ್ಬನ ಬಂದೂಕು ಬರಿದಾದರೆ ಇನ್ನೊಬ್ಬನದು ತುಂಬಿರುತ್ತಿತ್ತು. ಎದುರಿಗೆ ನಿಲ್ದಾಣದ ಕಾವಲಿನಲ್ಲಿದ್ದವರ ಪೈಕಿ ಹಲವರ ಕೈಯಲ್ಲಿ ಲಾಠಿ, ಕೆಲವರ ಕೈಯಲ್ಲಿ .303 ರೈಫಲು. ಅದು 1907ರ ಲೀ-ಎನ್‌ಫೀಲ್ಡಿನ ಕುಲದ್ದೇ; ಒಂದೊಂದು ಗುಂಡಿಗೂ ಬೋಲ್ಟನ್ನು ಎತ್ತಿ, ಎಳೆದು, ದೂಡಿ, ಇಳಿಸಬೇಕಾದದ್ದು. ರೈಲ್ವೆ ರಕ್ಷಣಾದಳದ ಝಿಲ್ಲೂ ಯಾದವ್ ಸಹೋದ್ಯೋಗಿಯ ಕೈಯಿಂದ ರೈಫಲನ್ನು ಕಸಿದು ಹಾರಿಸಿದರು, ಕೈಗೆ ಸಿಕ್ಕ ಕುರ್ಚಿಯನ್ನೂ ಎಸೆದರು. ರೈಲ್ವೆ ಪೊಲೀಸಿನ ಇನ್ಸ್‌ಪೆಕ್ಟರ್ ಶಶಾಂಕ ಶಿಂದೆ ಹತರಾದರು. ಉದ್ಘೋಷಕ ವಿಷ್ಣು ಝೇಂಡೆ ಧ್ವನಿವರ್ಧಕದಲ್ಲಿ ಪ್ರಯಾಣಿಕರಿಗೆ ಹಿಂದಿನ ಬಾಗಿಲಿನಿಂದ ಹೊರಬೀಳುವಂತೆ ಮತ್ತೆ ಮತ್ತೆ ಹೇಳುತ್ತ ನೂರಾರು ಜೀವಗಳನ್ನು ಉಳಿಸಿದರು. ಆದರೂ 58 ಮಂದಿ ಸತ್ತರು, ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಆ ದಿನ ಪಡಸಾಲೆಯಲ್ಲಿದ್ದ ಕಾನ್‌ಸ್ಟೇಬಲುಗಳಲ್ಲಿ ಕೆಲವರು ಹಾರಿಸಲಿಲ್ಲವೆಂದು ದೂರಿದವರುಂಟು. ಮುಂದೆ ನೇಮಕವಾದ ರಾಮ್ ಪ್ರಧಾನ್ ಸಮಿತಿ, ಗುಂಡುಗಳ ಕೊರತೆಯಿಂದಾಗಿ ಪೊಲೀಸರಿಗೆ ಗುರಿಯಭ್ಯಾಸವೇ ಕ್ರಮವಾಗಿ ನಡೆದಿರಲಿಲ್ಲವೆಂಬುದನ್ನು ಎತ್ತಿತೋರಿಸಿತು. ಅಭ್ಯಾಸಕ್ಕೆ ಗುಂಡು ಕೊಡದೆ ಆಪತ್ತಿನಲ್ಲಿ ಗುರಿಯನ್ನು ಕೇಳುವುದು ನ್ಯಾಯವಲ್ಲ. ಪೆಟ್ಟಿಗೆಯ ಮೇಲೆ ಅಡ್ಡ ತಗಡನ್ನು ಜೋಡಿಸಿದ ಅದೇ ಲೆಕ್ಕಾಚಾರ, ಸ್ವತಂತ್ರ ದೇಶದ ಕಚೇರಿಗಳಲ್ಲಿಯೂ, ಬೇರೆ ಅಂಗಿ ತೊಟ್ಟು ಕುಳಿತಿದ್ದಿತು.

ನಿಲ್ದಾಣದಿಂದ ಹೊರಬಿದ್ದ ಆ ಇಬ್ಬರು ಕಾಮಾ ಆಸ್ಪತ್ರೆಯ ಪಕ್ಕದ ಓಣಿಯಲ್ಲಿ ಹೇಮಂತ ಕರ್ಕರೆ, ಅಶೋಕ ಕಾಮ್ಟೆ, ವಿಜಯ ಸಾಳಸ್ಕರ ಎಂಬ ಮೂವರು ಅಧಿಕಾರಿಗಳನ್ನು ಕೊಂದು, ಕಾರೊಂದನ್ನು ಅಪಹರಿಸಿ, ನಡುರಾತ್ರಿ ಕಳೆದ ಮೇಲೆ ಗಿರಗಾಂವ್ ಚೌಪಾಟಿಯ ಅಡ್ಡಗಟ್ಟೆಗೆ ಬಂದರು. ಅಲ್ಲಿದ್ದ ಸಹಾಯಕ ಸಬ್‌ಇನ್ಸ್‌ಪೆಕ್ಟರ್ ತುಕಾರಾಮ ಓಂಬಳೆ ಸಾತಾರಾ ಜಿಲ್ಲೆಯ ಕೇಡಂಬೆಯವರು. ಸೈನ್ಯದ ಸಿಗ್ನಲ್ ದಳದಿಂದ ನಿವೃತ್ತರಾಗಿ 1991ರಲ್ಲಿ ಪೊಲೀಸಿಗೆ ಸೇರಿದವರು. ಅವರ ಕೈಯಲ್ಲಿದ್ದುದು ಲಾಠಿ. ಕಾರಿನಿಂದ ಇಳಿದ ಕಸಾಬನ ರೈಫಲಿನ ನಳಿಗೆಯನ್ನು ಅವರು ಎರಡು ಕೈಗಳಿಂದಲೂ ಬಿಗಿಹಿಡಿದರು. ಗುಂಡುಗಳು ಮೈಯನ್ನು ಹೊಕ್ಕರೂ ಸಂಗಡಿಗರು ಬಂದು ಅವನನ್ನು ಕೆಡಹುವವರೆಗೆ ಬಿಡಲಿಲ್ಲ. ಘಾಡಗೆ ತನ್ನ ಬಂದೂಕಿನ ನಳಿಗೆಯನ್ನು ಹಿಡಿದದ್ದು ಅದರಲ್ಲಿ ಗುಂಡಿಲ್ಲದ್ದರಿಂದ. ಓಂಬಳೆ ಶತ್ರುವಿನ ನಳಿಗೆಯನ್ನು ಹಿಡಿದದ್ದು ಅದರಲ್ಲಿ ಗುಂಡಿದ್ದುದರಿಂದ. ಆ ರಾತ್ರಿ ಮುಂಬಯಿಯ ಮೇಲೆ ದಾಳಿ ಮಾಡಿದ ಹತ್ತು ಮಂದಿಯಲ್ಲಿ ಜೀವಸಹಿತ ಸೆರೆಸಿಕ್ಕವನು ಕಸಾಬನೊಬ್ಬನೇ. ಸಂಚಿನ ಎಳೆಗಳು ನ್ಯಾಯಾಲಯದಲ್ಲಿ ಬಿಚ್ಚಿಕೊಂಡದ್ದು ಆ ಕಾರಣದಿಂದ. ಓಂಬಳೆಯವರಿಗೆ 2009ರ ಜನವರಿ 26ರಂದು ಮರಣೋತ್ತರವಾಗಿ ಅಶೋಕ ಚಕ್ರ ಸಂದಿತು.

ಈ ದಾಳಿಯ ಬಳಿಕ ಮಹಾರಾಷ್ಟ್ರ ಸರ್ಕಾರ ಫೋರ್ಸ್ ಒನ್ ಎಂಬ ವಿಶೇಷ ದಳವನ್ನು ಕಟ್ಟಿತು, ಅದಕ್ಕೆ ಹೊಸ ಆಯುಧಗಳನ್ನು ಕೊಟ್ಟಿತು; ರಾಷ್ಟ್ರೀಯ ಭದ್ರತಾ ದಳದ ಒಂದು ನೆಲೆಯೂ ಮುಂಬಯಿಗೆ ಬಂದಿತು. ವಿಶೇಷ ದಳಗಳ ಮಾತು ಹಾಗಾಯಿತು. ಪೊಲೀಸ್ ಠಾಣೆಯ ಬಾಗಿಲಲ್ಲಿ, ಬ್ಯಾಂಕಿನ ಮೆಟ್ಟಿಲಲ್ಲಿ, ರೈಲಿನ ಪ್ಲಾಟ್‌ಫಾರಂನಲ್ಲಿ ನಿಲ್ಲುವ ಸಾಮಾನ್ಯ ಕಾನ್‌ಸ್ಟೇಬಲನ ಹೆಗಲಿನಿಂದ .303 ಇಳಿಯುವುದಕ್ಕೆ ಮಾತ್ರ ದೇಶದ ಹಲವೆಡೆ ಇನ್ನೂ ವರ್ಷಗಳೇ ಹಿಡಿದವು. ಉತ್ತರ ಪ್ರದೇಶದ ಪೊಲೀಸರು ಅದಕ್ಕೆ ವಿಧ್ಯುಕ್ತವಾಗಿ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದ ಪೆರೇಡಿನಲ್ಲಿ.